ಆರ್ಟೀಸಿಯಾದಲ್ಲಿ ಸಂಜೆ ಎಷ್ಟು ಗಂಟೆಗೆ?

ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯ ಅಂತರ. ಅಲ್ಲಿ ದೇವರ ದೀಪ ಹಚ್ಚುವ ಹೊತ್ತು ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಲಾಸ್ ಏಂಜಲೀಸ್ ಮಗ್ಗುಲಿನ ಆರ್ಟೀಸಿಯಾದಲ್ಲಿ ಆ ಅಂತರ ನಾಲ್ಕೂವರೆ ಗಂಟೆ. ಡಿಸೆಂಬರಿನಲ್ಲಿ ಪಯೋನಿಯರ್ ಬುಲೆವಾರ್ಡಿನ ಸೀರೆ ಅಂಗಡಿ, ದೋಸೆ ಹೋಟೆಲುಗಳ ಮೇಲೆ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಜೂನ್‌ನಲ್ಲಿ ಎಂಟು ದಾಟಬೇಕು.

ಕತ್ತಲಾದ ಮೇಲೆ ಕಂಪ್ಯೂಟರ್ ಪರದೆಯ ಬೆಳಕನ್ನು ಮೃದುಗೊಳಿಸಬೇಕೆಂದರೆ, ಸಂಜೆ ಹೀಗೆ ಜಾರುವ ಊರಿನಲ್ಲಿ ಅದನ್ನು ಗಡಿಯಾರಕ್ಕೆ ಕಟ್ಟಿದರೆ ಆಗದು, ಸೂರ್ಯನಿಗೇ ಕಟ್ಟಬೇಕು. ಈ ಉಪಾಯವನ್ನು ಮನೆಮನೆಗೆ ತಂದದ್ದೂ ಲಾಸ್ ಏಂಜಲೀಸ್‌ನ ದಂಪತಿಯೇ. ಮೈಕೆಲ್ ಮತ್ತು ಲೋರ್ನಾ ಹರ್ಫ್ 2009ರಲ್ಲಿ ಎಫ್‌.ಲಕ್ಸ್ ಎಂಬ ತಂತ್ರಾಂಶ ಹೊರತಂದರು. ಸೂರ್ಯ ಇಳಿದಂತೆ ಪರದೆಯ 6500 ಕೆಲ್ವಿನ್ ನೀಲಿಬಿಳುಪು ಹಳೆಯ ಬಲ್ಬಿನ ಹಳದಿಯತ್ತ ತಿರುಗುತ್ತದೆ. ಲಿನಕ್ಸ್‌ಗೆ ಅವರು ಕೊಟ್ಟದ್ದು ಎಕ್ಸ್‌ಫ್ಲಕ್ಸ್ ಎಂಬ ಪುಟ್ಟ ಕಮಾಂಡು. ಅದಕ್ಕೆ ಊರಿನ ಜಿಪ್ ಕೋಡ್ 90701 ಕೊಟ್ಟರೆ ಸಾಕು.

ನನಗೆ ಹಿಡಿಸಿದ್ದು ಅದೇ ಕೆಲಸ ಮಾಡುವ, ಮೂಲಸಂಕೇತವೂ ಮುಕ್ತವಾಗಿರುವ ರೆಡ್‌ಶಿಫ್ಟ್. ಉಬುಂಟುವಿನ ಟರ್ಮಿನಲ್‌ನಲ್ಲಿ ಆಪ್ಟ್ ಮೂಲಕ ಒಂದೇ ಸಾಲಿನಲ್ಲಿ ಇನ್‌ಸ್ಟಾಲ್ ಆಗುತ್ತದೆ. ಅದಕ್ಕೆ ಕೊಡಬೇಕಾದದ್ದು ಆರ್ಟೀಸಿಯಾದ ಅಕ್ಷಾಂಶ 33.9, ರೇಖಾಂಶ ಮೈನಸ್ 118.1. ಆ ಮೈನಸ್ ಬಿಟ್ಟುಹೋದರೆ ಕಂಪ್ಯೂಟರ್ ತಾನು ಪೂರ್ವ ಚೀನಾದಲ್ಲಿದ್ದೇನೆಂದು ತಿಳಿದು ನಡುಮಧ್ಯಾಹ್ನ ಪರದೆಯನ್ನು ಕೆಂಪಗೆ ಮಾಡುತ್ತದೆ. ಎರಡು ಸಲ ಚಾಲೂ ಮಾಡಿದರೆ ಅವೆರಡೂ ಬಣ್ಣಕ್ಕಾಗಿ ಜಗ್ಗಾಡಿ ಪರದೆ ಮಿನುಗುತ್ತದೆ. ಮೊದಲಿನದನ್ನು ನಿಲ್ಲಿಸಿಯೇ ಹೊಸದನ್ನು ಹೂಡಬೇಕು.

ಆದರೆ ರೆಡ್‌ಶಿಫ್ಟ್ ಬದಲಿಸುವುದು ಬಣ್ಣವನ್ನು, ಪರದೆಯ ಹಿಂದಿನ ದೀಪವನ್ನಲ್ಲ. ಬಹಳ ಮಂದಿ ಇಲ್ಲಿಗೇ ನಿಂತುಬಿಡುತ್ತಾರೆ. ಹಳದಿಯಾದರೂ ಕಣ್ಣು ಕೋರೈಸುವ ಪರದೆ ಪ್ರಖರವೇ. ಅದಕ್ಕೆ ಇನ್ನೊಂದು ಉಪಕರಣ ಬೇಕು, ಬ್ರೈಟ್‌ನೆಸ್‌ಸಿಟಿಎಲ್. ಲಿನಕ್ಸ್ ಲ್ಯಾಪ್‌ಟಾಪಿನ ಹಿಂಬೆಳಕು ಎಷ್ಟಿರಬೇಕೆಂಬುದು ಒಂದು ಪುಟ್ಟ ಫೈಲಿನಲ್ಲಿ ಬರೆದ ಸಂಖ್ಯೆ; ‘30 ಪರ್ಸೆಂಟ್’ ಎಂದರೆ ಈ ಕಮಾಂಡು ಗರಿಷ್ಠ ಮಿತಿಯನ್ನು ನೋಡಿ ತಕ್ಕ ಸಂಖ್ಯೆಯನ್ನು ಅಲ್ಲಿ ಬರೆಯುತ್ತದೆ. ‘ಅನುಮತಿ ಇಲ್ಲ’ ಎಂದರೆ ನಿಮ್ಮ ಖಾತೆಯನ್ನು ವಿಡಿಯೊ ಗುಂಪಿಗೆ ಸೇರಿಸಿ, ಮತ್ತೆ ಲಾಗಿನ್ ಆಗಿ. ಮೇಜಿನ ಮೇಲಿನ ಪ್ರತ್ಯೇಕ ಮಾನಿಟರಿಗೆ ಇದು ತಾಗದು, ಅದಕ್ಕೆ ಡಿಡಿಸಿಯುಟಿಲ್ ಎಂಬ ಬೇರೆ ಕಮಾಂಡು ಇದೆ.

ಇಷ್ಟೆಲ್ಲ ಯಾಕೆ ಎಂಬುದರ ಉತ್ತರದ ಒಂದು ಭಾಗ ಸ್ಯಾನ್ ಡಿಯಾಗೊದಿಂದಲೇ ಬಂತು. ಕಣ್ಣಿನ ರೆಟಿನಾದ ಕೆಲವೇ ಕೋಶಗಳಲ್ಲಿರುವ ಮೆಲನಾಪ್ಸಿನ್ ಎಂಬ ಪ್ರೋಟೀನು ದೇಹದ ಗಡಿಯಾರಕ್ಕೆ ಹಗಲಿನ ಸುದ್ದಿ ಮುಟ್ಟಿಸುವುದರಲ್ಲಿ ಪಾಲುಗೊಳ್ಳುತ್ತದೆ ಎಂದು 2002ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದವರಲ್ಲಿ ಒಡಿಶಾ ಮೂಲದ ಸಚ್ಚಿದಾನಂದ ಪಾಂಡ ಒಬ್ಬರು. ಈಗ ಅವರು ಲಾ ಹೋಯಾದ ಸಾಲ್ಕ್ ಸಂಸ್ಥೆಯಲ್ಲಿದ್ದಾರೆ. ಆ ಪ್ರೋಟೀನು ಹೆಚ್ಚಾಗಿ ಸ್ಪಂದಿಸುವುದು ಸುಮಾರು 480 ನ್ಯಾನೊಮೀಟರಿನ ನೀಲಿಗೆ. ಬಣ್ಣ, ಪ್ರಖರತೆ ಎರಡೂ ಲೆಕ್ಕಕ್ಕೆ ಬರುವುದು ಅದಕ್ಕೇ.

ಆರ್ಟೀಸಿಯಾ ಕಡೆಯ ಕನ್ನಡ ಮನೆಗಳಲ್ಲಿ ರಾತ್ರಿ ಪರದೆಯ ಮುಂದೆ ಕೂರುವುದು ದಿನನಿತ್ಯದ ಮಾತು. ಬೇಸಿಗೆಯಲ್ಲಿ ಬೆಂಗಳೂರಿನ ಆಫೀಸು ಬೆಳಗ್ಗೆ ಹತ್ತೂವರೆಗೆ ಮೀಟಿಂಗ್ ಕರೆದರೆ ಇಲ್ಲಿ ರಾತ್ರಿ ಹತ್ತು, ಚಳಿಗಾಲದಲ್ಲಿ ಒಂಬತ್ತು. ಮಕ್ಕಳು ಮಲಗಿದ ಮೇಲೆ ಅಪ್ಪನೋ ಅಮ್ಮನೋ ಪರದೆಯ ಮುಂದೆ ಹೊಸದಾಗಿ ಬೆಳಗು ಮಾಡಿಕೊಳ್ಳುತ್ತಾರೆ. ದೀಪ ತಗ್ಗಿಸಬಹುದು, ತಗ್ಗಿಸಲೇಬೇಕು. ಆದರೆ ಅದನ್ನೇ ಪರಿಹಾರವೆಂದು ಒಪ್ಪಲು ನನ್ನ ಮನಸ್ಸು ಬಾರದು. ಅಲ್ಲಿನ ತಂಡ ಬೆಳಗ್ಗೆ ಎಂಟಕ್ಕೆ ಕೂತರೆ ಇಲ್ಲಿ ಬೇಸಿಗೆಯಲ್ಲಿ ಸಂಜೆ ಏಳೂವರೆ, ಚಳಿಗಾಲದಲ್ಲಿ ಆರೂವರೆ. ಈ ಬದಲಾವಣೆಯನ್ನು ಕೇಳಬೇಕಾದದ್ದು ಟರ್ಮಿನಲ್‌ನಲ್ಲಲ್ಲ, ಮ್ಯಾನೇಜರ್ ಹತ್ತಿರ.