ಉಳಿದವರ ಸ್ತೋತ್ರ

ಚೆನ್ನೈಗೆ ಬಂದ ನಮ್ಮಲ್ಲಿ ಹೆಚ್ಚಿನವರು ಮೈಲಾಪುರದ ಲಸ್ ಕಾರ್ನರ್ ದಾಟಿರುತ್ತೇವೆ. ಆ ಹೆಸರು ಬಂದದ್ದು ಅಲ್ಲೇ ಒಳಗಿರುವ ಹಳೆಯ ಚರ್ಚಿನಿಂದ. ಪೋರ್ಚುಗೀಸ್ ಭಾಷೆಯಲ್ಲಿ ‘ಲುಜ್’ ಎಂದರೆ ಬೆಳಕು. ಕಡಲಲ್ಲಿ ದಾರಿ ತಪ್ಪಿದ ನಾವಿಕರಿಗೆ ದಡದಲ್ಲೊಂದು ಬೆಳಕು ಕಂಡಿತಂತೆ. ಅದನ್ನು ಹಿಂಬಾಲಿಸಿ ಬದುಕಿ ಬಂದವರು, ಬೆಳಕು ಮಾಯವಾದ ಜಾಗದಲ್ಲಿ ಮರಿಯಮ್ಮನ ಹೆಸರಿನಲ್ಲಿ ಚರ್ಚು ಕಟ್ಟಿದರಂತೆ. ಅಲ್ಲಿನ ಶಾಸನದಲ್ಲಿರುವ ಇಸವಿ 1516. ಸುತ್ತ ಕಾಡಿದ್ದ ಕಾಲದ ನೆನಪಿಗೆ ತಮಿಳರು ಇಂದಿಗೂ ಅದನ್ನು ‘ಕಾಟ್ಟು ಕೋಯಿಲ್’ ಎನ್ನುತ್ತಾರೆ.

ಈ ಕಥೆ ನನಗೆ ಇಷ್ಟವಾಗಿತ್ತು, 2015ರ ಡಿಸೆಂಬರ್‌ವರೆಗೆ.

ಅಡ್ಯಾರ್ ನದಿ ಉಕ್ಕಿದ ಆ ರಾತ್ರಿ ನಾವು ಮೂರನೇ ಮಹಡಿಯಲ್ಲಿದ್ದೆವು. ಕೆಳಗೆ ವಾಚ್‌ಮನ್ ಕುಟುಂಬದ ಕೋಣೆಯಲ್ಲಿ ಎದೆಮಟ್ಟ ನೀರು. ಎರಡು ದಿನದ ಮೇಲೆ ಫೋನು ಸಿಕ್ಕಿದಾಗ ಊರಿನಿಂದ ಅಮ್ಮ ಹೇಳಿದರು: “ದೇವರು ದೊಡ್ಡವನು ಮಗಾ, ನಿಮಗೇನೂ ಆಗಲಿಲ್ಲ. ಒಂದು ಸ್ತೋತ್ರ ಹೇಳು.” ಹೇಳಲು ಕೂತೆ, ಬಾಯಿ ಬರಲಿಲ್ಲ. ಕೆಳಗಿನವರನ್ನೂ ಅದೇ ದೇವರು ನೋಡುತ್ತಿದ್ದನಲ್ಲ? ನಾನು ಉಳಿದದ್ದು ಕೃಪೆಯಿಂದಲೋ, ಮೂರನೇ ಮಹಡಿಯ ಬಾಡಿಗೆ ಕೊಡಬಲ್ಲ ಸಂಬಳದಿಂದಲೋ?

ವೇಳಾಂಕಣಿಯಲ್ಲಿ ಈ ಪ್ರಶ್ನೆ ಇನ್ನೂ ಕಠಿಣ. ಅಲ್ಲೂ ಬಿರುಗಾಳಿಯಿಂದ ಪಾರಾದ ಪೋರ್ಚುಗೀಸ್ ನಾವಿಕರ ಕಥೆಯೇ ಇದೆ. 2004ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ಸಿನ ಮರುದಿನ, ಸುನಾಮಿ ಬಸಿಲಿಕದ ಒಳಗೆ ನುಗ್ಗಲಿಲ್ಲ. ಅದನ್ನು ಪವಾಡ ಎಂದರು. ಆದರೆ ಕಡಲ ದಂಡೆಯಲ್ಲಿದ್ದ ನೂರಾರು ಯಾತ್ರಿಕರು ಸತ್ತರು. ಅವರೂ ಅದೇ ಮಾತೆಯನ್ನು ನೋಡಲು ಬಂದವರೇ.

ಹಾಗಾದರೆ ಪಾರಾದವನು ಸ್ತೋತ್ರ ಹೇಳುವುದೇ ತಪ್ಪೇ? ಉತ್ತರ ಹುಡುಕುವಾಗ ಲೂಕನ ಸುವಾರ್ತೆಯ ಎರಡು ಪ್ರಸಂಗಗಳು ಎದುರಾದವು. ಹದಿನೇಳನೇ ಅಧ್ಯಾಯದಲ್ಲಿ ಹತ್ತು ಕುಷ್ಠರೋಗಿಗಳು ಗುಣವಾಗುತ್ತಾರೆ. ತಿರುಗಿ ಬಂದು ಕೃತಜ್ಞತೆ ಹೇಳುವವನು ಒಬ್ಬನೇ, ಅದೂ ಪರಕೀಯನೆನಿಸಿದ ಸಮಾರ್ಯದವನು. ಯೇಸು ಅವನನ್ನು ಮೆಚ್ಚುತ್ತಾನೆ. ಮುಂದಿನ ಅಧ್ಯಾಯದಲ್ಲೇ ಒಬ್ಬ ಫರಿಸಾಯ ದೇವಾಲಯದಲ್ಲಿ ನಿಂತು, ತಾನು ಇತರರಂತಿಲ್ಲ, ಪಕ್ಕದ ಸುಂಕದವನಂತಿಲ್ಲ ಎಂದು ದೇವರಿಗೆ ಕೃತಜ್ಞತೆ ಹೇಳುತ್ತಾನೆ. ಆ ಪ್ರಾರ್ಥನೆ ತಿರಸ್ಕೃತವಾಗುತ್ತದೆ.

ಇಬ್ಬರೂ ಹೇಳಿದ್ದು ಕೃತಜ್ಞತೆಯನ್ನೇ. ಸಮಾರ್ಯದವನು ತನಗೆ ಸಿಕ್ಕಿದ್ದನ್ನು ಮಾತ್ರ ನೋಡಿದ. ಫರಿಸಾಯ ಪಕ್ಕದವನಿಗೆ ಸಿಗದೇ ಹೋದದ್ದನ್ನು ನೋಡಿ ತನ್ನ ಲೆಕ್ಕ ಹಾಕಿದ. ಅಂದು ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಫರಿಸಾಯನ ಸ್ತೋತ್ರ. ಸದ್ಯ, ಕೆಳಗಿನ ಮನೆ ನಮ್ಮದಾಗಲಿಲ್ಲ ಎಂಬ ನಿಟ್ಟುಸಿರಿಗೆ ದೇವರ ಹೆಸರು ಹಚ್ಚಲು ಹೊರಟಿದ್ದೆ.

ಭಾನುವಾರದ ಬಲಿಪೂಜೆಗೆ ‘ಯೂಕರಿಸ್ಟ್’ ಎಂಬ ಹೆಸರಿದೆ. ಗ್ರೀಕ್ ಮೂಲದಲ್ಲಿ ಅದರ ಅರ್ಥ ಕೃತಜ್ಞತೆ. ಯೇಸು ಆ ಕೃತಜ್ಞತೆ ಸಲ್ಲಿಸಿದ್ದು ಪಾರಾದ ಮೇಲಲ್ಲ, ಹಿಡಿದುಕೊಡಲ್ಪಡುವ ರಾತ್ರಿ. ರೊಟ್ಟಿ ತೆಗೆದುಕೊಂಡು, ಸ್ತೋತ್ರ ಮಾಡಿ, ಮುರಿದು, ಹಂಚಿದ. ಈ ನಾಲ್ಕು ಕೆಲಸಗಳಲ್ಲಿ ಎರಡನೆಯದನ್ನು ಮಾತ್ರ ನಾವು ಬೇರೆ ಮಾಡಿ, ಬಾಯಿಮಾತಿನ ಭಕ್ತಿಯನ್ನಾಗಿ ಇಟ್ಟುಕೊಂಡಿದ್ದೇವೆ.

ನಮ್ಮ ಕರಾವಳಿಯ ಹಿರಿಯರಿಗೆ ಇದು ಗೊತ್ತಿತ್ತು. ಸೆಪ್ಟೆಂಬರ್ 8ರ ತೆನೆ ಹಬ್ಬದಂದು ಚರ್ಚಿನಿಂದ ತಂದ ಹೊಸ ಭತ್ತದ ತೆನೆಯ ಕಾಳುಗಳನ್ನು ಅಮ್ಮ ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಗುಟುಕು ಕೊಡುತ್ತಿದ್ದರು. ಪರವೂರಿನಲ್ಲಿದ್ದವರಿಗೆ ಕಾಳು ಲಕೋಟೆಯಲ್ಲಿ ಹೋಗುತ್ತಿತ್ತು. ಹಂಚದೆ ಆ ಹಬ್ಬ ಮುಗಿಯುತ್ತಿರಲಿಲ್ಲ.

ಆ ಡಿಸೆಂಬರಿನಲ್ಲಿ ವಾಚ್‌ಮನ್ ಕುಟುಂಬ ಹತ್ತು ದಿನ ನಮ್ಮ ಹಾಲ್‌ನಲ್ಲಿತ್ತು. ಅದನ್ನು ಉಪಕಾರ ಎನ್ನಲು ನಾಚಿಕೆ, ಏಕೆಂದರೆ ಮೊದಲ ರಾತ್ರಿಯೇ ಅವರನ್ನು ಮೇಲೆ ಕರೆಯಲು ನನಗೆ ತೋಚಿರಲಿಲ್ಲ. ಒಬ್ಬನಿಗೆ ಬೆಳಕು ಕಂಡು ಮತ್ತೊಬ್ಬನಿಗೆ ಯಾಕೆ ಕಾಣಲಿಲ್ಲ ಎಂಬುದಕ್ಕೆ ಈಗಲೂ ನನ್ನಲ್ಲಿ ಉತ್ತರವಿಲ್ಲ. ಆದರೆ ಹತ್ತನೆಯ ದಿನ ಅಮ್ಮ ಮತ್ತೆ ಫೋನಿನಲ್ಲಿ, “ಸ್ತೋತ್ರ ಹೇಳಿದೆಯಾ?” ಎಂದು ಕೇಳಿದಾಗ, “ಹೇಳ್ತಾ ಇದ್ದೇನೆ ಅಮ್ಮ” ಎಂದೆ. ಒಳಗೆ ಅವರ ಮಗಳು ನಮ್ಮ ಊಟದ ಮೇಜಿನ ಮೇಲೆ ನೆನೆದ ಪುಸ್ತಕಗಳನ್ನು ಹರಡಿ ಫ್ಯಾನಿನ ಗಾಳಿಗೆ ಒಣಗಿಸುತ್ತಿದ್ದಳು.