ಭರವಸೆ ಕಾರಣಿಕವಲ್ಲ

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಅಷ್ಟೂ ಜನ ಮೌನವಾಗುತ್ತಾರೆ. ಆಗ ಅವನ ಬಾಯಿಂದ ಬರುವ ಒಂದೇ ಒಂದು ನುಡಿಯನ್ನು ಹೊತ್ತುಕೊಂಡು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಯ ರೈತರು ಊರಿಗೆ ಮರಳುತ್ತಾರೆ. ಈ ಸಲ ಮಳೆ ಹೇಗೆ, ಬೆಳೆ ಹೇಗೆ ಎಂದು ಚಹಾದಂಗಡಿಗಳಲ್ಲಿ ಅದರ ಅರ್ಥ ಬಿಡಿಸುತ್ತಾರೆ. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಕಾರಣಿಕ ಒಳ್ಳೆಯದಾಗಿ ಬಂದ ವರ್ಷವೂ, ಅಷ್ಟೇನೂ ಒಳ್ಳೆಯದಲ್ಲವೆಂದು ಜನ ಅರ್ಥ ಮಾಡಿಕೊಂಡ ವರ್ಷವೂ, ಮುಂಗಾರಿನ ಹದ ಮಳೆ ಬಿದ್ದರೆ ನಮ್ಮ ಮಸಾರಿ ಹೊಲಗಳಲ್ಲಿ ಕೂರಿಗೆ ಹೂಡುವುದು ನಿಲ್ಲುವುದಿಲ್ಲ.

ಮುಂದೇನಾಗುತ್ತದೆ ಎಂದು ತಿಳಿಯುವ ಆಸೆ ಬೇರೆ, ಏನಾದರೂ ಆಗಲಿ ಬಿತ್ತುತ್ತೇನೆ ಎನ್ನುವ ಮನಸ್ಸು ಬೇರೆ. ಮೊದಲನೆಯದು ಭವಿಷ್ಯದ ಲೆಕ್ಕಾಚಾರ. ಎರಡನೆಯದನ್ನೇ ನಾನಿಲ್ಲಿ ಭರವಸೆ ಎಂದು ಕರೆಯುತ್ತಿದ್ದೇನೆ. ಇಂದು ‘ಸಕಾರಾತ್ಮಕ ಮನೋಭಾವ’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿರುವುದರಲ್ಲಿ ಈ ಎರಡೂ ಕಲಸಿಹೋಗಿವೆ. ಇದನ್ನು ಬಿಡಿಸಿ ನೋಡಲು ಕ್ರೈಸ್ತ ಧರ್ಮದ ಅನುಭವ ನಮಗೆ ಸಹಾಯ ಮಾಡುತ್ತದೆ. ಏಕೆಂದರೆ ಈ ಗೊಂದಲ ಹುಟ್ಟಿ ಬೆಳೆದದ್ದೂ ಆ ಮನೆಯಲ್ಲೇ, ಅದಕ್ಕೆ ಉತ್ತರ ಸಿಗುವುದೂ ಆ ಮನೆಯಲ್ಲೇ.

1952ರಲ್ಲಿ ನ್ಯೂಯಾರ್ಕಿನ ಪಾದ್ರಿ ನಾರ್ಮನ್ ವಿನ್ಸೆಂಟ್ ಪೀಲ್ ‘ದಿ ಪವರ್ ಆಫ್ ಪಾಸಿಟಿವ್ ಥಿಂಕಿಂಗ್’ ಎಂಬ ಪುಸ್ತಕ ಪ್ರಕಟಿಸಿದರು. ಅದರ ಲಕ್ಷಾಂತರ ಪ್ರತಿಗಳು ಮಾರಾಟವಾದವು. ಬಸ್ ನಿಲ್ದಾಣದ ಪುಸ್ತಕದಂಗಡಿಗಳಲ್ಲಿ ನಾವು ನೋಡುವ ವ್ಯಕ್ತಿತ್ವ ವಿಕಸನದ ಎಷ್ಟೋ ಪುಸ್ತಕಗಳು ಅದರ ಮಕ್ಕಳು, ಮೊಮ್ಮಕ್ಕಳು. ಪೀಲ್ ಹೇಳಿದ್ದರಲ್ಲಿ ನಿಜವಿಲ್ಲದೆ ಇಲ್ಲ. ನನ್ನಿಂದಾಗದು ಎಂದುಕೊಂಡವನ ಕೈ ಮೊದಲೇ ಸೋತಿರುತ್ತದೆ. ದೇವರು ನನ್ನ ಜೊತೆಗಿದ್ದಾನೆ ಎಂದುಕೊಂಡವನು ಕನಿಷ್ಠ ಎದ್ದು ನಿಲ್ಲುತ್ತಾನೆ. ಆದರೆ ಈ ಮಾತು ಸ್ವಲ್ಪ ಜಾರಿದರೆ ಸಾಕು, ನಂಬಿಕೆ ಒಂದು ವ್ಯಾಪಾರವಾಗುತ್ತದೆ. ಗಟ್ಟಿಯಾಗಿ ನಂಬಿದರೆ ರೋಗ ವಾಸಿಯಾಗುತ್ತದೆ, ಸಾಲ ತೀರುತ್ತದೆ ಎಂದು ಸಾರುವ ಬೋಧಕರು ಹಲವು ದೇಶಗಳಲ್ಲಿ ಹುಟ್ಟಿಕೊಂಡರು. ರೋಗ ವಾಸಿಯಾಗದಿದ್ದರೆ? ನಿನ್ನ ನಂಬಿಕೆ ಸಾಲದು ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಸಿಗೆ ಹಿಡಿದವನಿಗೆ ರೋಗದ ಜೊತೆಗೆ ಅಪರಾಧದ ಹೊರೆಯೂ ಬೀಳುತ್ತದೆ. ಇದಕ್ಕಿಂತ ಕ್ರೂರವಾದ ಸಾಂತ್ವನ ಇನ್ನೊಂದಿಲ್ಲ.

ಇದು ಕ್ರೈಸ್ತರೊಬ್ಬರ ದೋಷವಲ್ಲ. ಮಗುವನ್ನು ಕಳೆದುಕೊಂಡ ತಾಯಿ ಇನ್ನೂ ಅಳು ಮುಗಿಸುವ ಮೊದಲೇ ‘ಸಬ್ರ್ ಮಾಡು, ಅಳಬಾರದು’ ಎಂದು ಗದರುವವರು ನಮ್ಮಲ್ಲೂ ಇದ್ದಾರೆ. ‘ಎಲ್ಲಾ ಕರ್ಮದ ಫಲ’ ಎಂದು ಕೈತೊಳೆದುಕೊಳ್ಳುವವರು ಇನ್ನೊಂದು ಓಣಿಯಲ್ಲಿದ್ದಾರೆ.

ಹಾಗಾದರೆ ಕ್ರೈಸ್ತ ವಿಶ್ವಾಸಕ್ಕೂ ಭರವಸೆಗೂ ಇರುವ ನಿಜವಾದ ನಂಟು ಯಾವುದು? ಆ ಧರ್ಮದ ನಡುಮಧ್ಯೆ ಇರುವುದು ಗೆಲುವಿನ ಕಥೆಯಲ್ಲ, ಶಿಲುಬೆ. ಆ ವಿಷಯದಲ್ಲಿ ಕುರ್‌ಆನಿನ ನಿಲುವು ಬೇರೆ ಎಂಬುದು ಓದುಗರಿಗೆ ಗೊತ್ತಿದೆ. ಆ ಚರ್ಚೆ ಇಲ್ಲಿ ಬೇಡ. ನೆರೆಯವನ ನಂಬಿಕೆ ಅವನೊಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಸಾಕು. ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಹೋಗುವುದು ಶುಭ ಶುಕ್ರವಾರದ ಮೂಲಕವೇ. ದುಃಖವನ್ನು ದಾಟಿ ಹೋಗಬೇಕಲ್ಲದೆ ಬಳಸಿಕೊಂಡು ಹೋಗುವ ದಾರಿ ಅಲ್ಲಿಲ್ಲ. ಪೌಲನು ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಅದರಿಂದ ನಿರೀಕ್ಷೆ ಹುಟ್ಟುತ್ತದೆ ಎಂಬ ಕ್ರಮವನ್ನು ರೋಮಿನವರಿಗೆ ತಿಳಿಸಿದ್ದಾನೆ. ಭರವಸೆ ಈ ಸರಪಳಿಯ ಕೊನೆಯ ಕೊಂಡಿ. ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ ನಿಂತು ಹೇಳಿಕೊಳ್ಳುವ ಮಂತ್ರವಲ್ಲ. ಕೀರ್ತನೆಗಳ ಗ್ರಂಥದಲ್ಲಿಯೂ ದೇವರ ಮುಂದೆ ಗೋಳಾಡುವ, ದೂರು ಹೇಳುವ ಪ್ರಾರ್ಥನೆಗಳು ಬಹಳಷ್ಟಿವೆ. ಅಳುವುದು ನಂಬಿಕೆಯ ಕೊರತೆಯಾಗಿದ್ದರೆ ಅವನ್ನು ಧರ್ಮಗ್ರಂಥದಲ್ಲಿ ಉಳಿಸಿಕೊಳ್ಳುತ್ತಿರಲಿಲ್ಲ.

ಪವಿತ್ರ ಕುರ್‌ಆನಿನ ಯೂಸುಫ್ ಅಧ್ಯಾಯದಲ್ಲಿ ಇದೇ ಬೆಳಕಿದೆ. ಮಗನನ್ನು ಕಳೆದುಕೊಂಡ ಹಝ್ರತ್ ಯಾಕೂಬ್(ಅ) ಅತ್ತು ಅತ್ತು ಕಣ್ಣು ಬೆಳ್ಳಗಾಗಿಸಿಕೊಂಡರು. ಅವರೇ ಉಳಿದ ಮಕ್ಕಳಿಗೆ, ಹೋಗಿ ಹುಡುಕಿರಿ, ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬೇಡಿರಿ ಎಂದು ಹೇಳಿ ಕಳಿಸಿದರು. ಕಣ್ಣೀರು ಮತ್ತು ಭರವಸೆ ಒಂದೇ ಎದೆಯಲ್ಲಿದ್ದವು.

ಹದಿಮೂರನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಭರವಸೆಗೆ ಇಬ್ಬರು ಶತ್ರುಗಳನ್ನು ಗುರುತಿಸಿದ. ಒಂದು ಹತಾಶೆ, ಇನ್ನೊಂದು ದೇವರು ಹೇಗೂ ನೋಡಿಕೊಳ್ಳುತ್ತಾನೆಂಬ ಹುಂಬ ಧೈರ್ಯ. ನಮ್ಮ ಹಿರಿಯರು ಭಯ ಮತ್ತು ಭರವಸೆಯನ್ನು ಒಂದು ಹಕ್ಕಿಯ ಎರಡು ರೆಕ್ಕೆಗಳಿಗೆ ಹೋಲಿಸಿದ್ದೂ ಇದೇ ಅರ್ಥದಲ್ಲಿ. ಒಂದೇ ರೆಕ್ಕೆಯ ಹಕ್ಕಿ ಹಾರಲಾರದು.

ಇಂಥ ಭರವಸೆಯಿಂದ ಏನಾಯಿತು ಎಂಬುದಕ್ಕೆ ದೂರ ಹೋಗಬೇಕಿಲ್ಲ. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದ. ಕೈಹಿಡಿದು ನಡೆಸುವ ಅಚ್ಚಾದ ನಿಘಂಟೊಂದೂ ಇಲ್ಲದ ಕಾಲದಲ್ಲಿ ಕನ್ನಡ ಕಲಿತು ಬೈಬಲ್ಲಿನ ಅನುವಾದಕ್ಕೆ ಕೈಹಾಕಿದ. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ ಎರಡು ದಶಕಗಳೇ ಕಳೆದಿದ್ದವು. ಅದೇ ಬಳ್ಳಾರಿಯ ವಿಲಿಯಂ ರೀವ್ ಕನ್ನಡ-ಇಂಗ್ಲಿಷ್ ನಿಘಂಟನ್ನು 1832ರಲ್ಲಿ ಹೊರತಂದ. ಮುಂದೆ ಬಾಸೆಲ್ ಮಿಷನ್ನಿನ ಕಿಟೆಲ್ ದಶಕಗಳ ಕಾಲ ದುಡಿದು 1894ರಲ್ಲಿ ತನ್ನ ಮಹಾ ನಿಘಂಟನ್ನು ಪ್ರಕಟಿಸಿದ. ನಿಘಂಟನ್ನು ಶುರುಮಾಡುವವನಿಗೆ ಅದನ್ನು ಮುಗಿಸಲು ತಾನು ಬದುಕಿರುತ್ತೇನೆಂಬ ಖಾತರಿ ಇರುವುದಿಲ್ಲ. ಇವರು ಮತಪ್ರಚಾರಕ್ಕೆಂದೇ ಬಂದವರಲ್ಲವೇ ಎಂದು ಕೇಳಬಹುದು. ಹೌದು, ಅದನ್ನು ಅವರು ಮುಚ್ಚಿಟ್ಟವರೂ ಅಲ್ಲ. ಆದರೆ ಬಂದ ಕಾರಣ ಒಂದು, ಫಲ ಕಾಣದ ವರ್ಷಗಳಲ್ಲೂ ಕೆಲಸ ಬಿಡದೆ ಉಳಿದ ಕಾರಣ ಇನ್ನೊಂದು. ಇಲ್ಲಿ ಎರಡನೆಯದರ ಮಾತು.

ಇದಕ್ಕಿಂತ ಕಠಿಣವಾದ ಪರೀಕ್ಷೆ ನಡೆದದ್ದು ಮಂಗಳೂರಿನ ಕಂಕನಾಡಿಯಲ್ಲಿ. ಜೆಸ್ವಿತ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಅಲ್ಲಿ ಹೋಮಿಯೋಪತಿ ಔಷಧ ಕೊಡಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗಾಗಿ ಒಂದು ಆಶ್ರಯ ತೆರೆದರು. ಕುಷ್ಠಕ್ಕೆ ನಿಜವಾದ ಮದ್ದು ಬಂದದ್ದು 1940ರ ದಶಕದಲ್ಲಿ. ಇಂದಿನ ಬಹುಔಷಧ ಚಿಕಿತ್ಸೆ ಬಳಕೆಗೆ ಬಂದದ್ದು 1980ರ ದಶಕದಲ್ಲಿ. ಅಂದರೆ ಮೊದಲ ಐವತ್ತು ವರ್ಷ ಆ ಆಶ್ರಯದೊಳಗೆ ಬಂದವರಿಗೆ ‘ನೀನು ಗುಣವಾಗುತ್ತೀ’ ಎಂದು ಪ್ರಾಮಾಣಿಕವಾಗಿ ಹೇಳುವಂತಿರಲಿಲ್ಲ. ಹುಣ್ಣು ತೊಳೆಯಬಹುದಿತ್ತು, ಬಟ್ಟೆ ಕಟ್ಟಬಹುದಿತ್ತು, ಅನ್ನ ಬಡಿಸಬಹುದಿತ್ತು, ಊರಿನವರು ಮರೆತ ಹೆಸರು ಹಿಡಿದು ಕರೆಯಬಹುದಿತ್ತು. ಬರೀ ಆಶಾವಾದ ಅಲ್ಲಿ ಒಂದು ವಾರವೂ ನಿಲ್ಲುತ್ತಿರಲಿಲ್ಲ, ಏಕೆಂದರೆ ಅದಕ್ಕೆ ಒಳ್ಳೆಯ ಸುದ್ದಿ ಬೇಕು. ಆ ಮನುಷ್ಯನ ಬೆಲೆ ಅವನ ರೋಗ ವಾಸಿಯಾಗುವುದರ ಮೇಲೆ ನಿಂತಿಲ್ಲ ಎಂಬ ನಂಬಿಕೆಯೇ ಅಲ್ಲಿ ಬೇಕಾಗಿತ್ತು. ನಮ್ಮ ಕಡೆಯ ಹಳ್ಳಿಗಳಲ್ಲಿ ಕ್ರೈಸ್ತರೆಂದರೆ ಹೆಚ್ಚಾಗಿ ಆಸ್ಪತ್ರೆಯ ನರ್ಸಮ್ಮ ಅಥವಾ ಶಾಲೆಯ ಟೀಚರಮ್ಮ. ಅವರ ನಡೆಯಲ್ಲೂ ನಾನು ಆಗಾಗ ಕಂಡದ್ದು ಇದನ್ನೇ: ಹೆಚ್ಚು ಭರವಸೆಯ ಮಾತಿಲ್ಲ, ಹೆಚ್ಚು ಭರವಸೆಯ ಕೆಲಸ.

ಹಾಗಾದರೆ ಸಕಾರಾತ್ಮಕ ಮನೋಭಾವಕ್ಕೆ ಇಲ್ಲಿ ಪಾತ್ರವೇ ಇಲ್ಲವೇ? ಇದೆ. ನಂಬಿಕೆಯಿಂದ ಆಶಾವಾದಕ್ಕೆ ಬೇರು ಸಿಗುತ್ತದೆ. ಆಶಾವಾದದಿಂದ ನಂಬಿಕೆಗೆ ಕೈಕಾಲು ಬರುತ್ತವೆ. ಕೈಕಾಲಿಲ್ಲದ ನಂಬಿಕೆ ಹಣೆಬರಹವೆಂದು ಕುಳಿತುಬಿಡುತ್ತದೆ. 1876–78ರ ಧಾತು ಈಶ್ವರ ಬರದಲ್ಲಿ ಆಗಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಇಳಿಯಿತು. ಬರವನ್ನು ದೇವರ ಇಚ್ಛೆ ಎಂದುಕೊಂಡು ಕೂತಿದ್ದರೆ ನಮ್ಮ ಸೀಮೆಯಲ್ಲಿ ಮುಂದೆ ಕಾಲುವೆಗಳೂ ಜಲಾಶಯಗಳೂ ಆಗುತ್ತಿರಲಿಲ್ಲ. ಒಂಟೆಯನ್ನು ಕಟ್ಟಿ ಆಮೇಲೆ ದೇವನ ಮೇಲೆ ಭಾರ ಹಾಕಬೇಕೆಂದು ಪ್ರವಾದಿ(ಸ) ಕಲಿಸಿದರು. ಲೋಕದ ಅಂತ್ಯವೇ ಎದುರಿಗೆ ಬಂದರೂ ಕೈಯಲ್ಲಿರುವ ಸಸಿಯನ್ನು ನೆಡಬೇಕೆಂದೂ ಕಲಿಸಿದರು. ಆ ಸಸಿಯ ಹಣ್ಣನ್ನು ತಿನ್ನುವವರಿಲ್ಲ. ನೆಡುವುದೇ ಸಾಕ್ಷಿ.

ಇದನ್ನೆಲ್ಲ ಕೇವಲ ಭಾವನೆಯ ಮಾತೆಂದು ತಳ್ಳಿಹಾಕುವವರಿಗೆ ಒಂದು ಅಧ್ಯಯನದ ವಿಷಯ. ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಆಸ್ಪತ್ರೆ ಸೇರಿದ್ದ, 55 ವರ್ಷ ದಾಟಿದ ಸುಮಾರು 600 ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ದೇವರು ನನ್ನ ಕೈಬಿಟ್ಟ, ದೇವರಿಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂದು ಒಳಗೊಳಗೇ ಕೊರಗುತ್ತಿದ್ದವರಲ್ಲಿ ಸಾವಿನ ಸಂಭವ ಹೆಚ್ಚಾಗಿತ್ತು. ಇದರಿಂದ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೆ ರೋಗಿಯ ತಲೆಯೊಳಗೆ ‘ನಿನ್ನ ನಂಬಿಕೆ ಸಾಲದು’ ಎಂಬ ಹುಳ ಬಿಡುವವರು ಎಂಥ ಅಪಾಯದೊಂದಿಗೆ ಆಟವಾಡುತ್ತಿದ್ದಾರೆ ಎಂದು ಯೋಚಿಸುವಂತೆ ಮಾಡುತ್ತದೆ.

‘ಉಮ್ಮೀದ್ ಪರ್ ದುನಿಯಾ ಕಾಯಮ್ ಹೈ’ ಎಂದು ಉರ್ದುವಿನಲ್ಲಿ ಹೇಳುತ್ತಾರೆ. ಲೋಕ ನಿಂತಿರುವುದೇ ಭರವಸೆಯ ಮೇಲೆ. ಹಾಗಾದರೆ ಆ ಭರವಸೆಯನ್ನು ಇನ್ನೊಬ್ಬರಿಗೆ ಕೊಡುವುದು ಹೇಗೆ? ಶೇಂಗಾ ಒಣಗಿಹೋಗಿ ಸಾಲಗಾರ ಬಾಗಿಲಿಗೆ ಬಂದಿರುವ ಮನೆಗೆ, ವೈದ್ಯರು ಕೈಚೆಲ್ಲಿದ ಮನೆಗೆ ನಾವು ಏನು ಹೊತ್ತುಕೊಂಡು ಹೋಗಬೇಕು? ಯೋಬನ ಕಥೆಯಲ್ಲಿ ಇದಕ್ಕೆ ಒಂದು ಸೂಚನೆಯಿದೆ. ಅವನೇ ನಮ್ಮ ಹಝ್ರತ್ ಅಯ್ಯೂಬ್(ಅ). ಮಕ್ಕಳು, ಸಂಪತ್ತು, ಆರೋಗ್ಯ ಎಲ್ಲವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತಿದ್ದ ಅವನನ್ನು ಮಾತಾಡಿಸಲು ಮೂವರು ಗೆಳೆಯರು ಬಂದರೆಂದು ಬೈಬಲ್ ಹೇಳುತ್ತದೆ. ಅವನ ಸಂಕಟ ಕಂಡು ಏಳು ಹಗಲು ಏಳು ರಾತ್ರಿ ಅವರು ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕುಳಿತರು. ಆ ಏಳು ದಿನ ಅವರು ಒಳ್ಳೆಯ ಗೆಳೆಯರೇ ಆಗಿದ್ದರು. ಅವರು ತಪ್ಪಿದ್ದು, ಅವನಿಗೆ ಹೀಗೇಕಾಯಿತು ಎಂದು ವಿವರಿಸಲು ಬಾಯಿ ತೆರೆದ ಮೇಲೆ.