ಕಲೆಯೂ ಕೊಳೆಯೂ

ದೊಡ್ಡೇರಿ ಎಂಬ ಹೆಸರನ್ನು ಬಿಡಿಸಿದರೆ ಸಿಗುವುದು ದೊಡ್ಡ ಏರಿ. ಮಧುಗಿರಿ ತಾಲ್ಲೂಕಿನ ಈ ಹೋಬಳಿಯಲ್ಲಿ ಈಗ ಬಚ್ಚಲಿಗೆ ಬರುವ ನೀರು ಮಾತ್ರ ಏರಿಯ ಹಿಂದೆ ನಿಂತ ಮಳೆನೀರಲ್ಲ, ಬಹುಪಾಲು ಬೋರಿನದು. ಬಂಡೆಯ ಸೀಳುಗಳಲ್ಲಿ ಎಷ್ಟೋ ಕಾಲ ಕೂತು, ಕಲ್ಲಿನ ಸಾರವನ್ನು ಕರಗಿಸಿಕೊಂಡು ಮೇಲೆ ಬಂದದ್ದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಹೊಸ ಮನೆ ಕಟ್ಟಿದವರ ದೂರು ಸಾಮಾನ್ಯವಾಗಿ ಒಂದೇ: ಬಚ್ಚಲುಮನೆಯ ಟೈಲ್ಸು ಬೇಗ ಮಂಕಾಯಿತು, ನಲ್ಲಿಯ ಬುಡದಲ್ಲಿ ಬಿಳಿ ಗಂಟು ಕಟ್ಟಿತು, ಬಕೆಟ್ಟಿನ ಒಳಮೈ ಸುಣ್ಣ ಬಳಿದ ಹಾಗಾಯಿತು. ಬಾತ್‌ಟಬ್ ಈ ಕಡೆ ಸಿನಿಮಾದಲ್ಲಿ ನೋಡುವ ವಸ್ತು. ಆದರೆ ಬೋರಿನ ನೀರು ತುಂಬಿದರೆ ಬೆಂಗಳೂರಿನ ಟಬ್ಬಿಗೆ ಹತ್ತುವುದೂ ದೊಡ್ಡೇರಿಯ ಬಕೆಟ್ಟಿಗೆ ಹತ್ತುವುದೂ ಒಂದೇ ಕಲೆ.

ಎಷ್ಟು ಉಜ್ಜಿದರೂ ಹೋಗದ ಈ ಕಲೆಯನ್ನು ನಾವು ಕೊಳೆ ಎಂದು ಕರೆಯುತ್ತೇವೆ. ಕನ್ನಡದಲ್ಲಿ ಇವು ಎರಡು ಬೇರೆ ಮಾತುಗಳು. ಕೊಳೆಯುವುದು ಎಂಬ ಕ್ರಿಯೆಯ ಪಕ್ಕದಲ್ಲೇ ಇರುವ ಮಾತು ಕೊಳೆ. ಬೆವರು, ಎಣ್ಣೆ, ಸತ್ತ ಚರ್ಮ, ಮಣ್ಣು ಸೇರಿ ಆದದ್ದು. ತೊಳೆಯದೆ ಬಿಟ್ಟರೆ ಅದು ನಮ್ಮ ತಪ್ಪೇ. ಕಲೆ ಹಾಗಲ್ಲ. ಗಾಯ ಮಾಯ್ದ ಮೇಲೆ ಉಳಿಯುವುದೂ ಕಲೆಯೇ, ಚಂದ್ರನಲ್ಲಿ ಕಾಣುವುದೂ ಕಲೆಯೇ. ಏನೋ ನಡೆದುಹೋಗಿದೆ ಎಂಬ ಗುರುತು ಅದು. ಯಾರದ್ದೋ ಸೋಮಾರಿತನದ ಗುರುತೇ ಆಗಬೇಕೆಂದಿಲ್ಲ.

ಬಚ್ಚಲಿನಲ್ಲಿ ನಡೆದಿರುವುದು ಇಷ್ಟು. ಸೋಪಿನಲ್ಲಿರುವ ಕೊಬ್ಬಿನ ಆಮ್ಲ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಕೂಡಿಕೊಂಡು, ನೀರಿನಲ್ಲಿ ಕರಗದ ಬಿಳಿಯ ಜಿಡ್ಡಾಗಿ ಗೋಡೆಗೂ ನೆಲಕ್ಕೂ ಅಂಟುತ್ತದೆ. ನೊರೆ ಬರುವುದಿಲ್ಲ ಎಂದು ಇನ್ನಷ್ಟು ಸೋಪು ತಿಕ್ಕಿಕೊಂಡರೆ ಜಿಡ್ಡೂ ಇನ್ನಷ್ಟು. ಅಂದರೆ ಶುಚಿಯಾಗುವ ಪ್ರಯತ್ನವೇ ಕಲೆಯನ್ನು ಮಾಡುತ್ತಿದೆ. ಸೀಗೇಕಾಯಿ, ಅಂಟುವಾಳಕ್ಕೆ ಈ ತಾಪತ್ರಯವಿಲ್ಲ. ಅವುಗಳ ನೊರೆಯ ಬಗೆಯೇ ಬೇರೆ. ಇನ್ನು ನೀರು ಕಾದಾಗ, ಆರಿದಾಗ ಉಳಿಯುವ ಗಟ್ಟಿ ಪದರ ಬರೀ ಸುಣ್ಣದ ಜಾತಿಯದು. ಹಳೆಯ ತಾಮ್ರದ ಹಂಡೆಯ ಹೊಟ್ಟೆಯೊಳಗೂ ಇಂಥದೇ ಪದರ ಕೂತಿರುತ್ತದೆ. ಅದನ್ನು ಯಾರೂ ಕೊಳೆ ಎಂದು ಬೈದದ್ದು ಕಾಣೆ. ಬಂದ ನೆಂಟರು ಹಂಡೆಯೊಳಗೆ ಇಣುಕುವುದಿಲ್ಲವಲ್ಲ.

ನೆಂಟರು ಬಚ್ಚಲಿಗೆ ಹೋಗುತ್ತಾರೆ. ಹಾಗಾಗಿ ಬಚ್ಚಲಿಗೆ ಆಸಿಡ್ ಬರುತ್ತದೆ. ಸುರಿದ ಕೂಡಲೇ ಬುಸ್ಸೆಂದು ನೊರೆ ಏಳುತ್ತದೆ, ಕಲೆ ಮಾಯ. ಆದರೆ ಆಸಿಡ್ಡಿಗೆ ಕಲೆಯ ಸುಣ್ಣ, ಮನೆಯ ಸುಣ್ಣ ಎಂಬ ಭೇದ ಗೊತ್ತಿಲ್ಲ. ಟೈಲಿನ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಕಡಪಾ ಕಲ್ಲು ಹಾಸಿದ್ದರೆ ಅದೂ ಸುಣ್ಣದ ಕಲ್ಲೇ, ಅದನ್ನೂ ತಿನ್ನುತ್ತದೆ. ಸಂದು ಸವೆದಲ್ಲಿ ನಿಜವಾದ ಕೊಳೆ ಬಂದು ಕೂರುತ್ತದೆ. ಮೊದಲೇ ಬ್ಲೀಚಿಂಗ್ ಪೌಡರ್ ಉದುರಿಸಿದ್ದರಂತೂ ಎರಡೂ ಸೇರಿ ಕ್ಲೋರಿನ್ ಅನಿಲ ಏಳುತ್ತದೆ. ಸಣ್ಣ ಕಿಟಕಿಯ ಆ ಕೋಣೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಅದನ್ನು ಉಸಿರಾಡುವವರು ಯಾರು? ಮನೆಯ ಸೊಸೆ, ಇಲ್ಲವೇ ಕೆಲಸಕ್ಕೆ ಬರುವ ಹೆಂಗಸು. ನೀರಿನ ಗುಣಕ್ಕೆ ಅವಳು ಹೊಣೆಯಲ್ಲ. ಬೋರು ಕೊರೆಸಿದವಳೂ ಅವಳಲ್ಲ. ಆದರೂ ‘ಬಚ್ಚಲು ನೋಡಿದರೆ ಗೊತ್ತಾಗುತ್ತೆ’ ಎಂಬ ಮಾತು ಬರುವುದು ಅವಳ ಮೇಲೆಯೇ. ಬಂಡೆಯ ಗುಣ ಹೀಗೆ ಹೆಣ್ಣಿನ ನಡತೆಯಾಗಿಬಿಡುತ್ತದೆ. ಯಾರಿಗೂ ಕೇಡು ಮಾಡದ ಒಂದು ಬಿಳಿ ಪದರವನ್ನು ಅಳಿಸಲು ಒಬ್ಬಳ ಶ್ವಾಸಕೋಶವನ್ನು ಕೊಡುವುದು ನನಗೆ ಶುಚಿತ್ವವಾಗಿ ಕಾಣುವುದಿಲ್ಲ.

ಹಾಗಾದರೆ ಉಜ್ಜುವುದೇ ಬೇಡವೇ? ಬೇಕು. ಸೋಪಿನ ಜಿಡ್ಡು ಜಾರುತ್ತದೆ, ವಯಸ್ಸಾದವರು ಬೀಳುತ್ತಾರೆ. ಅದಕ್ಕೆ ಹುಣಸೆಹಣ್ಣಿನ ಗಟ್ಟಿ ರಸವನ್ನೋ ನಿಂಬೆಹುಳಿಯನ್ನೋ ಹಚ್ಚಿ ರಾತ್ರಿ ಬಿಟ್ಟು, ಬೆಳಿಗ್ಗೆ ಬಿಸಿನೀರಿಗೆ ಪಾತ್ರೆ ತೊಳೆಯುವ ಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದರೆ ಬಹಳಷ್ಟು ಬಿಡುತ್ತದೆ. ಕಡಪಾ ಕಲ್ಲಿದ್ದರೆ ಹುಳಿಯೂ ಬೇಡ, ಬಿಸಿನೀರು, ಪುಡಿ ಸಾಕು. ಅದಕ್ಕೂ ಬಿಡದೆ ಉಳಿದದ್ದು ಉಳಿಯಲಿ.

ಇಷ್ಟಕ್ಕೇ ಮುಗಿದಿದ್ದರೆ ಇದು ಮನೆವಾರ್ತೆಯ ಮಾತಾಗುತ್ತಿತ್ತು. ಆದರೆ ಇದೇ ಸೀಮೆಯಲ್ಲಿ, ಪಾವಗಡದ ಕಡೆ ಹೆಚ್ಚಾಗಿ, ಬೋರಿನ ನೀರು ಇನ್ನೊಂದು ಕಲೆಯನ್ನೂ ಬಿಡುತ್ತದೆ. ಅದು ಹಲ್ಲಿನ ಮೇಲಿನದು. ಮೇಲಿನದು ಎಂದೆ, ತಪ್ಪು ಮಾತು, ಹಲ್ಲಿನೊಳಗಿನದು. ಮಗುವಿನ ಹಲ್ಲು ಇನ್ನೂ ವಸಡಿನೊಳಗೆ ಕಟ್ಟಿಕೊಳ್ಳುತ್ತಿರುವಾಗ, ಸುಮಾರು ಎಂಟು ವರ್ಷದವರೆಗೆ, ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಹಲ್ಲಿನ ಹೊಳಪಿನ ಪದರವೇ ಸರಿಯಾಗಿ ಕೂಡುವುದಿಲ್ಲ. ಮೊದಲು ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಹಳದಿ, ಕಂದು ಗೀಟು. ಯಾವ ಪೇಸ್ಟೂ, ಯಾವ ಇದ್ದಿಲೂ ಅದನ್ನು ತೆಗೆಯದು.

ಕಣ್ಣಿಗೆ ಕಾಣುವುದನ್ನೇ ನಂಬಿದರೆ ಇಲ್ಲಿ ಮೋಸ ಹೋಗುತ್ತೇವೆ. ಬಚ್ಚಲಿನಲ್ಲಿ ದಪ್ಪ ಕಲೆ ಬಿಡುವ ನೀರೇ ಹಲ್ಲಿಗೂ ಕೆಟ್ಟದ್ದು ಎಂದೇನಿಲ್ಲ. ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಅದು ಫ್ಲೋರೈಡಿನ ಒಂದಿಷ್ಟು ಪಾಲನ್ನು ಹಿಡಿದು ಕೆಳಗೇ ಕೂರಿಸಿಬಿಡುತ್ತದೆ. ಕ್ಯಾಲ್ಸಿಯಂ ಕಡಿಮೆಯಿರುವ, ಚೆನ್ನಾಗಿ ನೊರೆ ಬರುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರಬಹುದು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. 2012ರ ಭಾರತೀಯ ಮಾನದಂಡ ಕುಡಿಯುವ ನೀರಿನ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿ ಹಾಕಿ, ಬೇರೆ ನೀರೇ ಸಿಗದಿದ್ದರೆ 600ರವರೆಗೂ ಒಪ್ಪುತ್ತದೆ. ಫ್ಲೋರೈಡಿಗೆ ಮಿತಿ 1 ಮಿಲಿಗ್ರಾಂ; ಬೇರೆ ದಾರಿಯಿಲ್ಲದಿದ್ದರೂ 1.5 ದಾಟುವಂತಿಲ್ಲ. ನಾವು ರಂಪ ಮಾಡುವುದು ನೂರಾರು ಮಿಲಿಗ್ರಾಮಿನ ಕಲೆಯ ಮೇಲೆ. ಮಕ್ಕಳ ಹಲ್ಲು ತೀರ್ಮಾನವಾಗುವುದು ಅರ್ಧ ಮಿಲಿಗ್ರಾಮಿನ ಆಚೀಚೆ.

ಆ ಹಲ್ಲಿನ ಹುಡುಗ ಬೆಂಗಳೂರಿಗೆ ಓದಲು, ಕೆಲಸಕ್ಕೆ ಬಂದಾಗ ನಡೆಯುವುದು ಬಚ್ಚಲಿನ ನ್ಯಾಯವೇ. ಎದುರಿಗೆ ಕೂತವರು ಅವನ ಬಾಯಿ ನೋಡಿ ಗುಟ್ಕಾ ಎಂದುಕೊಳ್ಳುತ್ತಾರೆ, ಹಲ್ಲುಜ್ಜದವನು ಎಂದುಕೊಳ್ಳುತ್ತಾರೆ. ಹುಡುಗಿಯಾದರೆ ನಗುವಾಗ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಮದುವೆಯ ಫೋಟೋಗೆ ತುಟಿ ಬಿಗಿದು ನಿಲ್ಲುತ್ತಾಳೆ. ಕುಡಿದ ನೀರಿನ ಗುರುತು ಅವರ ಗುಣದ ಗುರುತಾಗಿದೆ. ಬಚ್ಚಲಿನ ಕಲೆಗಾದರೂ ಹುಣಸೆಹುಳಿ ಇದೆ.

ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ, ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನು ತುಂಬುತ್ತದೆ. ಪಾವಗಡಕ್ಕೆ ತುಂಗಭದ್ರೆಯ ನೀರನ್ನೇ ಕೊಳವೆಯಲ್ಲಿ ತರುವ ಯೋಜನೆಯೂ ಆಗಿದೆ. ಇವು ಕೆಟ್ಟು ನಿಲ್ಲದೆ ನಡೆದರೆ ಇನ್ನು ಹುಟ್ಟುವ ಮಕ್ಕಳ ಹಲ್ಲು ಬೆಳ್ಳಗೆ ಬಂದಾವು. ದೊಡ್ಡವರದು ಹಾಗೇ ಉಳಿಯುತ್ತದೆ. ಅಂಥ ಮನೆಯಲ್ಲಿ ಎಂದೋ ಒಂದು ಬೆಳಿಗ್ಗೆ, ಬಚ್ಚಲ ಕಟ್ಟೆಯ ಮೇಲೆ ಬ್ರಷ್ ಹಿಡಿದು ಕೂತ ಮಗು ಪಕ್ಕದಲ್ಲಿ ಬಾಯಿ ಮುಕ್ಕಳಿಸುತ್ತಿರುವ ಅಪ್ಪನ ಮುಖ ನೋಡಿ ಕೇಳಬಹುದು: “ಅಪ್ಪಾ, ನೀನು ಚಿಕ್ಕೋನಿದ್ದಾಗ ಹಲ್ಲುಜ್ತಿರಲಿಲ್ವಾ?”